ಹಿತ್ತಿಲ ಮನೆಯ ಪರ್ಮಿಟ್ ಖರ್ಚು: ಬೇ ಏರಿಯಾದ ಕನ್ನಡ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಸ್ಯಾನ್ ಹೋಸೆ, ಸನಿವೇಲ್, ಕೂಪರ್ಟಿನೋ, ಫ್ರೀಮಾಂಟ್ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಈಗ ಎಡಿಯು, ಅಂದರೆ ಮುಖ್ಯ ಮನೆಯ ಜೊತೆಗೆ ಅದೇ ಜಾಗದಲ್ಲಿ ಎರಡನೇ ಚಿಕ್ಕ ಮನೆ, ಕಟ್ಟಿಸುವ ಮಾತು ನಡೆಯುತ್ತಿದೆ. ಊರಿಂದ ಬರುವ ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತುವ ತಾಪತ್ರಯವಿಲ್ಲದ ಕೋಣೆ, ಅವರದೇ ಅಡುಗೆಮನೆ, ಅವರದೇ ಬಚ್ಚಲು. ಅವರು ಊರಿಗೆ ಮರಳಿದ ಮೇಲೆ ಬಾಡಿಗೆಗೆ ಕೊಡುವ ಅನುಕೂಲ. ಯೋಚನೆ ಒಳ್ಳೆಯದೇ. ಕಟ್ಟುವ ಖರ್ಚನ್ನು ನಾಲ್ಕು ಕಡೆ ವಿಚಾರಿಸಿ, ಮೂರು ಕೊಟೇಶನ್ ತಂದು, ಚೌಕಾಸಿ ಮಾಡಿಯೇ ಮುಂದುವರಿಯುತ್ತೀರಿ. ಪರ್ಮಿಟ್ ವಿಷಯಕ್ಕೆ ಬಂದಾಗ ಮಾತ್ರ "ಒಟ್ಟು ಖರ್ಚಿನ ಇಷ್ಟು ಪರ್ಸೆಂಟ್ ಇಟ್ಟುಕೊಳ್ಳಿ" ಎಂದು ಯಾರೋ ಹೇಳಿದ್ದನ್ನೇ ಬರೆದಿಟ್ಟುಕೊಳ್ಳುತ್ತೀರಿ.

ಆ ಪರ್ಸೆಂಟ್ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ. ಪರ್ಮಿಟ್ ಖರ್ಚು ಕಟ್ಟಡದ ಖರ್ಚಿನ ಹಿಂದೆ ಹೋಗುವುದಿಲ್ಲ, ನಕ್ಷೆಯ ಹಿಂದೆ ಹೋಗುತ್ತದೆ. ಎಷ್ಟು ಚದರ ಅಡಿ, ಹೊಸದೋ ಗ್ಯಾರೇಜಿನ ಪರಿವರ್ತನೆಯೋ, ಎಷ್ಟು ಬಚ್ಚಲು, ಮುಖ್ಯ ಮನೆ ಎಷ್ಟು ದೊಡ್ಡದು ಎಂಬ ಈ ನಾಲ್ಕು ವಿವರಗಳಲ್ಲೇ ಬಹುಪಾಲು ಹಣ ತೀರ್ಮಾನವಾಗುತ್ತದೆ. ನಕ್ಷೆ ಮುಗಿದು, ಇಂಜಿನಿಯರ್ ಸಹಿ ಬಿದ್ದ ಮೇಲೆ ಲೆಕ್ಕ ಹಾಕಲು ಕೂತರೆ ಏನನ್ನೂ ಬದಲಿಸಲಾಗದು. ಅದಕ್ಕೇ ಈ ಪತ್ರ.

ಮೊದಲು ತಿಳಿಯಬೇಕಾದದ್ದು, ಪರ್ಮಿಟ್ ಖರ್ಚು ಎಂಬುದು ಒಂದು ಬಿಲ್ ಅಲ್ಲ. ಸಿಟಿಯ ಬಿಲ್ಡಿಂಗ್ ಇಲಾಖೆ ತನ್ನ ಕೆಲಸಕ್ಕೆ ಒಂದು ಶುಲ್ಕ ಹಾಕುತ್ತದೆ. ಪಾರ್ಕು, ರಸ್ತೆಗಳ ಮೇಲೆ ಹೊಸ ಮನೆ ತರುವ ಹೊರೆಗೆಂದು ಅದೇ ಸಿಟಿ ಇಂಪ್ಯಾಕ್ಟ್ ಫೀ ಹಾಕುತ್ತದೆ. ಶಾಲಾ ಜಿಲ್ಲೆಯದು, ಅಂದರೆ ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯದು, ಬೇರೆ. ನೀರು ಮತ್ತು ಒಳಚರಂಡಿಯದು ಇನ್ನೂ ಬೇರೆ. ಇವೆಲ್ಲದರ ಹೊರಗೆ ವಿದ್ಯುತ್ ಕಂಪನಿ ಇದೆ. ಸಿಟಿ ಕೌಂಟರಿನಲ್ಲಿ "ಎಷ್ಟಾಗಬಹುದು" ಎಂದು ಕೇಳಿದರೆ ಅವರು ತಮ್ಮದನ್ನು ಮಾತ್ರ ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಉಳಿದವರ ದರ ಹೇಳುವುದು ಅವರ ಕೆಲಸವಲ್ಲ. ಆದರೆ ಕೇಳಿದವರು ಅದನ್ನೇ ಪೂರ್ತಿ ಮೊತ್ತ ಎಂದುಕೊಂಡು ಮನೆಗೆ ಬರುತ್ತಾರೆ.

ಬಿಲ್ಡಿಂಗ್ ಇಲಾಖೆಯ ಶುಲ್ಕವೇ ಇವುಗಳಲ್ಲಿ ಸರಳ. ಕಟ್ಟಡದ ಮೌಲ್ಯ ಅಂದರೆ ವ್ಯಾಲ್ಯುಯೇಶನ್ ಮೇಲೆ, ಇಲ್ಲವೇ ಚದರ ಅಡಿಯ ಮೇಲೆ ಪರ್ಮಿಟ್ ಫೀ ಮತ್ತು ಪ್ಲಾನ್ ಚೆಕ್ ಅಂದರೆ ನಕ್ಷೆ ಪರಿಶೀಲನೆಯ ಫೀ ಬರುತ್ತದೆ. ಎಲೆಕ್ಟ್ರಿಕಲ್, ಪ್ಲಂಬಿಂಗ್, ಮೆಕ್ಯಾನಿಕಲ್ ಕೆಲವು ಕಡೆ ಇದರೊಳಗೇ ಸೇರಿರುತ್ತವೆ, ಕೆಲವು ಕಡೆ ಬೇರೆ. ಪಟ್ಟಿಯ ಕೊನೆಯಲ್ಲಿ ರಾಜ್ಯ ಸರ್ಕಾರದ ಎರಡು ಸಾಲುಗಳು ಇರುತ್ತವೆ. ಭೂಕಂಪ ಅಳೆಯುವ ಯೋಜನೆಗೆ ಪ್ರತಿ 1 ಲಕ್ಷ ಡಾಲರ್ ಮೌಲ್ಯಕ್ಕೆ 13 ಡಾಲರ್, ಕಟ್ಟಡ ನಿಯಮಾವಳಿ ನಿಧಿಗೆ ಪ್ರತಿ 25 ಸಾವಿರಕ್ಕೆ 1 ಡಾಲರ್. 2 ಲಕ್ಷ ಡಾಲರ್ ಮೌಲ್ಯಕ್ಕೆ ಇವು ಕ್ರಮವಾಗಿ 26 ಮತ್ತು 8 ಡಾಲರ್. ಹೆಸರು ಕೇಳಿ ಗಾಬರಿ ಬೇಡ. ಗಮನ ಕೊಡಬೇಕಾದದ್ದು ವ್ಯಾಲ್ಯುಯೇಶನ್ ಯಾರದು ಎಂಬುದಕ್ಕೆ. ಕಂಟ್ರಾಕ್ಟರ್ ಮೊತ್ತವನ್ನು ಕಡಿಮೆ ಬರೆದುಕೊಟ್ಟರೆ ಶುಲ್ಕ ಉಳಿಯುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಸಿಟಿಯ ಬಳಿ ಚದರ ಅಡಿಗೆ ಇಂತಿಷ್ಟು ಎಂಬ ತನ್ನದೇ ಕೋಷ್ಟಕ ಇದ್ದರೆ ಎರಡರಲ್ಲಿ ಹೆಚ್ಚಿನದನ್ನೇ ಹಿಡಿಯುತ್ತದೆ. ಸುಳ್ಳು ಬರೆದ ಕಳಂಕವಷ್ಟೇ ಉಳಿಯುತ್ತದೆ.

ಈಗ ನಿಜವಾದ ಹಣದ ವಿಷಯ, ಇಂಪ್ಯಾಕ್ಟ್ ಫೀ. 2020ರ ಜನವರಿ 1ರಿಂದ ಜಾರಿಗೆ ಬಂದ ಎಸ್‌ಬಿ 13 ಕಾಯ್ದೆಯ ಪ್ರಕಾರ 750 ಚದರ ಅಡಿಗಿಂತ ಚಿಕ್ಕ ಎಡಿಯು ಮೇಲೆ ಕ್ಯಾಲಿಫೋರ್ನಿಯಾದ ಯಾವ ಸಿಟಿಯೂ ಇಂಪ್ಯಾಕ್ಟ್ ಫೀ ಹಾಕುವಂತಿಲ್ಲ. ಪಾರ್ಕಿನ ಬಾಬ್ತಿನ ಶುಲ್ಕವೂ ಇದರಲ್ಲಿ ಸೇರಿದೆ. ಅದಕ್ಕಿಂತ ದೊಡ್ಡದಾದರೆ ಮುಖ್ಯ ಮನೆಯ ಚದರ ಅಡಿಗೆ ಅನುಪಾತವಾಗಿ ಹಾಕಬೇಕು. ಈ "ಅನುಪಾತ" ಎಂಬ ಪದದಲ್ಲೇ ಲೆಕ್ಕ ಕೆಡುವುದು.

ಉದಾಹರಣೆಗೆ, ನಿಮ್ಮ ಸಿಟಿ ಒಂದು ಹೊಸ ಮನೆಗೆ ಎಲ್ಲ ಇಂಪ್ಯಾಕ್ಟ್ ಫೀ ಸೇರಿ 28,000 ಡಾಲರ್ ಹಾಕುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮದು 1,400 ಚದರ ಅಡಿಯ ಹಳೆಯ ಒಂದಂತಸ್ತಿನ ಮನೆ. ಹಿತ್ತಿಲಲ್ಲಿ 900 ಚದರ ಅಡಿ ಕಟ್ಟಿದರೆ 1,400ಕ್ಕೆ 900ರ ಲೆಕ್ಕದಲ್ಲಿ 18,000 ಡಾಲರ್ ಬೀಳುತ್ತದೆ. ಅದನ್ನೇ 740ಕ್ಕೆ ಇಳಿಸಿದರೆ ಸೊನ್ನೆ. ಅಂದರೆ ಹೆಚ್ಚಿನ 160 ಚದರ ಅಡಿಗೆ, ಇಟ್ಟಿಗೆ ಮರ ಏನೂ ಸೇರದೆ, ಬರೀ ಶುಲ್ಕವೇ ಅಡಿಗೆ 112 ಡಾಲರ್ ಮೀರಿತು. ಎರಡು ಬೆಡ್‌ರೂಮ್, ಒಂದು ಬಚ್ಚಲು, ಒಂದು ಅಡುಗೆಮನೆ 740 ಚದರ ಅಡಿಯಲ್ಲಿ ಚೆನ್ನಾಗಿಯೇ ಕೂರುತ್ತವೆ. ಆ 160 ಅಡಿ ನಿಮಗೆ ಬೇಕೇಬೇಕು ಎನ್ನುವುದಾದರೆ ಕಟ್ಟಿ, ಅದರ ಬೆಲೆ ಗೊತ್ತಿದ್ದು ಕಟ್ಟಿ.

ಈ ಅನುಪಾತದಲ್ಲಿ ಒಂದು ಅನ್ಯಾಯವೂ ಇದೆ. ಅದೇ 900 ಚದರ ಅಡಿ, ಅದೇ ಸಿಟಿ. ಮುಖ್ಯ ಮನೆ 3,000 ಚದರ ಅಡಿ ಇದ್ದವರಿಗೆ 8,400 ಡಾಲರ್. ಮುಖ್ಯ ಮನೆ 1,200 ಇದ್ದವರಿಗೆ 21,000. ಚಿಕ್ಕ ಮನೆಯವರು ದೊಡ್ಡ ಮನೆಯವರಿಗಿಂತ ಎರಡೂವರೆ ಪಟ್ಟು ಕೊಡಬೇಕು. ಹಿತ್ತಿಲಲ್ಲಿ ಬಂದು ಇರುವವರು ಇಬ್ಬರೇ, ಪಾರ್ಕಿನಲ್ಲಿ ನಡೆಯುವವರೂ ಆ ಇಬ್ಬರೇ ಆದರೂ. ಕಾಯ್ದೆ ಇರುವುದೇ ಹೀಗೆ. ಆದರೆ ಕಾಯ್ದೆ ಹೇಳುವುದು ಗರಿಷ್ಠ ಮಿತಿಯನ್ನು. ಸಿಟಿ ಮನಸ್ಸು ಮಾಡಿದರೆ ಇದಕ್ಕಿಂತ ಕಡಿಮೆ ಹಾಕಬಹುದು, ಪೂರ್ತಿ ಬಿಡಲೂಬಹುದು.

ಇನ್ನೊಂದು ಎಚ್ಚರಿಕೆ. ಅನುಪಾತದ ಕೆಳಗಿನ ಸಂಖ್ಯೆ, ಅಂದರೆ ಮುಖ್ಯ ಮನೆಯ ಅಳತೆ, ನೀವು ಟೇಪು ಹಿಡಿದು ಅಳೆದದ್ದಲ್ಲ, ದಾಖಲೆಯಲ್ಲಿ ಇರುವುದು. ಹಿಂದಿನ ಮಾಲೀಕರು ಪರ್ಮಿಟ್ ಇಲ್ಲದೆ ಸೇರಿಸಿದ ಕೋಣೆಯನ್ನು ಸಿಟಿ ಲೆಕ್ಕಕ್ಕೆ ಹಿಡಿಯದಿದ್ದರೆ ಕೆಳಗಿನ ಸಂಖ್ಯೆ ಚಿಕ್ಕದಾಗಿ ಶುಲ್ಕ ದೊಡ್ಡದಾಗುತ್ತದೆ. ನಕ್ಷೆಯಲ್ಲಿ ಆ ಕೋಣೆ ಕಂಡ ಮೇಲೆ ಅದರ ಬಗ್ಗೆ ಪ್ರಶ್ನೆಯೂ ಬರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಆಸ್ತಿ ತೆರಿಗೆಗಾಗಿ ಮನೆಯ ಮೌಲ್ಯ ಕಟ್ಟುವ ಕೌಂಟಿ ಅಸೆಸರ್ ದಾಖಲೆ ಮತ್ತು ಸಿಟಿಯ ಪರ್ಮಿಟ್ ಇತಿಹಾಸ ಎರಡನ್ನೂ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಿ.

750 ಎಂದರೆ ಯಾವ 750 ಎಂಬುದನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. 25 ಅಡಿಗೆ 30 ಅಡಿ ಹೊರ ಅಳತೆಯ ಮನೆ ಸರಿಯಾಗಿ 750. ಗೋಡೆಗೆ ಎರಡು-ಆರರ ಮರ ಹಾಕಿದರೆ ಆ ಮರದ ನಿಜವಾದ ದಪ್ಪ ಐದೂವರೆ ಇಂಚು, ಅದರ ಮೇಲೆ ಅರ್ಧ ಇಂಚಿನ ಡ್ರೈವಾಲ್. ಪ್ರತಿ ಗೋಡೆಗೆ ಆರು ಇಂಚು ಹೋಯಿತು. ಒಳಗೆ ಉಳಿಯುವುದು 24ಕ್ಕೆ 29, ಅಂದರೆ 696 ಚದರ ಅಡಿ. ಹೊರಗಿನಿಂದ ಅಳೆದರೆ ಶುಲ್ಕದ ಗೆರೆ ಮುಟ್ಟಿದ ಮನೆ, ಒಳಗಿನಿಂದ ಅಳೆದರೆ 54 ಅಡಿ ಕೆಳಗಿದೆ. ಆ 54 ಅಡಿಯಲ್ಲಿ ಒಂದು ಬಚ್ಚಲುಮನೆಯೇ ಕೂರುತ್ತದೆ. 2025ರಲ್ಲಿ ಅಂಗೀಕಾರವಾದ ಎಸ್‌ಬಿ 543 ಈ ಮಿತಿಯನ್ನು ಒಳಗಿನ ವಾಸಯೋಗ್ಯ ಜಾಗದಿಂದಲೇ ಅಳೆಯಬೇಕು ಎಂದು ಸ್ಪಷ್ಟಪಡಿಸಿದೆ. ಆದರೂ ನಕ್ಷೆಯ ಮೊದಲ ಹಾಳೆಯಲ್ಲಿ ಎರಡೂ ಅಳತೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಸೈಟ್ ಪ್ಲಾನಿನಲ್ಲಿ ಒಂದು, ಫ್ಲೋರ್ ಪ್ಲಾನಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಸಂಖ್ಯೆ ಇದ್ದರೆ ಶುಲ್ಕ ಹಾಕುವವರು ದೊಡ್ಡದನ್ನೇ ಹಿಡಿಯುತ್ತಾರೆ, ಆಮೇಲೆ ಅದನ್ನು ತಿದ್ದಿಸಲು ಒಂದು ಸುತ್ತು ಪ್ಲಾನ್ ಚೆಕ್ ಹೋಗುತ್ತದೆ.

ಎರಡೂ ಅಳತೆ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಶಾಲಾ ಶುಲ್ಕ. 750ರ ವಿನಾಯಿತಿ ಶಾಲೆಗೆ ಅನ್ವಯಿಸುವುದಿಲ್ಲ. ಇದನ್ನು ತಿಳಿಯದೆ ಕೈಸುಟ್ಟುಕೊಂಡವರು ಬಹಳ. ಶಾಲಾ ಜಿಲ್ಲೆ ತನ್ನ ಲೆಕ್ಕಕ್ಕೆ ಕಟ್ಟಡದ ಪರಿಧಿಯೊಳಗಿನ ಜಾಗವನ್ನು ಹಿಡಿಯುತ್ತದೆ. ಗ್ಯಾರೇಜು, ಮುಚ್ಚಿಗೆಯ ಜಗಲಿ, ಚಾವಣಿಯ ಚಾಚು ಸೇರುವುದಿಲ್ಲ. ಒಂದೇ ಮನೆ ಸಿಟಿಗೆ 696, ಶಾಲೆಗೆ 750. 2024ರ ಜನವರಿಯಲ್ಲಿ ರಾಜ್ಯ ನಿಗದಿ ಮಾಡಿದ ಮೊದಲ ಹಂತದ ಗರಿಷ್ಠ ದರ ಚದರ ಅಡಿಗೆ 5.17 ಡಾಲರ್. ಎರಡು ವರ್ಷಕ್ಕೊಮ್ಮೆ ಇದು ಪರಿಷ್ಕರಣೆಯಾಗುತ್ತದೆ, ಆದ್ದರಿಂದ ಪಾವತಿಸುವ ದಿನದ ದರವನ್ನೇ ಕೇಳಿ. ಆ ದರದಲ್ಲಿ 750 ಅಡಿಗೆ 3,877 ಡಾಲರ್ 50 ಸೆಂಟ್, 900 ಅಡಿಗೆ 4,653 ಡಾಲರ್. 500 ಚದರ ಅಡಿಗಿಂತ ಕಡಿಮೆಯಾದರೆ ಶಾಲಾ ಶುಲ್ಕವಿಲ್ಲ. ಬಿಡಿಯಾಗಿ ನಿಲ್ಲುವ ಚಿಕ್ಕ ಎಡಿಯುಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಎಸ್‌ಬಿ 543 ಖಚಿತ ಮಾಡಿದೆ. ಶಾಲಾ ಜಿಲ್ಲೆಯ ಪ್ರಮಾಣಪತ್ರ ಇಲ್ಲದೆ ಸಿಟಿ ಪರ್ಮಿಟ್ ಕೊಡುವಂತಿಲ್ಲ, ಕೊನೆಯ ವಾರ ಓಡಾಡುವ ಬದಲು ಮೊದಲೇ ಫಾರಂ ತಂದಿಟ್ಟುಕೊಳ್ಳಿ. ಪ್ರಾಥಮಿಕ ಮತ್ತು ಹೈಸ್ಕೂಲ್ ಜಿಲ್ಲೆಗಳು ಬೇರೆಯಿರುವ ಕಡೆ ಶುಲ್ಕ ಇಬ್ಬರ ನಡುವೆ ಹಂಚಿಕೆಯಾಗುತ್ತದೆ. ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಜಿಲ್ಲೆ ಇರುವುದು ಸನಿವೇಲ್–ಕೂಪರ್ಟಿನೋ ಕಡೆ, ಫ್ರೀಮಾಂಟ್ ನಗರದಲ್ಲಿ ಅಲ್ಲ. ಹೆಸರು ನೋಡಿ ತಪ್ಪು ಕಚೇರಿಗೆ ಫೋನ್ ಮಾಡಬೇಡಿ.

ನೀರು ಮತ್ತು ಒಳಚರಂಡಿಯ ಕನೆಕ್ಷನ್ ಫೀ, ವ್ಯವಸ್ಥೆಯ ಸಾಮರ್ಥ್ಯದಲ್ಲಿ ನಿಮ್ಮ ಪಾಲಿಗೆ ಹಾಕುವ ಕೆಪ್ಯಾಸಿಟಿ ಚಾರ್ಜ್ ಕೂಡ ಇಂಪ್ಯಾಕ್ಟ್ ಫೀ ಎನಿಸುವುದಿಲ್ಲ. ಹೀಗಾಗಿ 740 ಅಡಿಯ ಹೊಸ ಬಿಡಿ ಎಡಿಯುಗೂ ಇವು ಬರಬಹುದು. ಕಾಯ್ದೆ ಹಾಕಿರುವ ಕಡಿವಾಣ ಏನೆಂದರೆ, ಶುಲ್ಕ ಎಡಿಯು ತರುವ ಹೊರೆಗೆ ತಕ್ಕಂತಿರಬೇಕು. ಆ ಹೊರೆಯನ್ನು ಚದರ ಅಡಿಯಿಂದಲೋ, ಪ್ಲಂಬಿಂಗ್ ಕೋಡಿನ ಡ್ರೈನೇಜ್ ಫಿಕ್ಸ್ಚರ್ ಯೂನಿಟ್ಟಿನಿಂದಲೋ ಅಳೆಯಬೇಕು. ಯೂನಿಟ್ ಎಂದರೆ ಚರಂಡಿಗೆ ನೀರು ಬಿಡುವ ಪ್ರತಿ ಸಾಧನಕ್ಕೂ ಕೋಡ್ ಕೊಟ್ಟಿರುವ ಅಂಕ, ಅದರ ಲೆಕ್ಕ ನೀವೇ ಹಾಕಬಹುದು. ಕಮೋಡಿಗೆ 3, ಕೈತೊಳೆಯುವ ಬೇಸಿನ್‌ಗೆ 1, ಶವರಿಗೆ 2, ಅಡುಗೆಮನೆಯ ಸಿಂಕಿಗೆ 2, ಬಟ್ಟೆ ಒಗೆಯುವ ಮೆಷಿನ್‌ಗೆ 3. ಒಂದು ಬಚ್ಚಲಿನ ಮನೆಗೆ ಒಟ್ಟು 11. ಎರಡನೇ ಬಚ್ಚಲು ಸೇರಿಸಿದರೆ 17. ಯೂನಿಟ್ಟಿನ ಮೇಲೆ ಶುಲ್ಕ ಹಾಕುವ ಕಡೆ ಆ ಎರಡನೇ ಬಚ್ಚಲು ಒಂದಕ್ಕೆ ಒಂದೂವರೆಯಷ್ಟು ಏರಿಸುತ್ತದೆ. ಇಬ್ಬರು ಹಿರಿಯರ ಮನೆಗೆ ಎರಡು ಚಿಕ್ಕ ಬಚ್ಚಲಿಗಿಂತ, ಹೊಸ್ತಿಲಿಲ್ಲದ ಶವರ್ ಇರುವ, ಹಿಡಿಕೆ ಕೂರಿಸಲು ಗೋಡೆಯೊಳಗೆ ಮರ ಕೊಟ್ಟ ಒಂದು ದೊಡ್ಡ ಬಚ್ಚಲು ಮೇಲು. ಬಾಗಿಲನ್ನು 36 ಇಂಚು ಅಗಲ ಇಟ್ಟರೂ ಶುಲ್ಕ ಒಂದು ಸೆಂಟೂ ಹೆಚ್ಚುವುದಿಲ್ಲ.

ಯಾರಿಗೆ ಕೇಳಬೇಕು ಎಂಬುದು ಊರಿಂದ ಊರಿಗೆ ಬೇರೆ. ಫ್ರೀಮಾಂಟ್‌ನಲ್ಲಿ ಒಳಚರಂಡಿ ಯೂನಿಯನ್ ಸ್ಯಾನಿಟರಿ ಡಿಸ್ಟ್ರಿಕ್ಟ್‌ನದು, ನೀರು ಅಲಮೇಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್‌ನದು. ಕೂಪರ್ಟಿನೋದಲ್ಲಿ ಒಳಚರಂಡಿಗೆ ಪ್ರತ್ಯೇಕ ಸ್ಯಾನಿಟರಿ ಡಿಸ್ಟ್ರಿಕ್ಟೇ ಇದೆ. ಸಾಂತಾ ಕ್ಲಾರಾ ನಗರದೊಳಗೆ ವಿದ್ಯುತ್ ಕೂಡ ನಗರದ್ದೇ, ಸಿಲಿಕಾನ್ ವ್ಯಾಲಿ ಪವರ್. ಸುತ್ತಲಿನ ಹೆಚ್ಚಿನ ಊರುಗಳಲ್ಲಿ ಪಿಜಿ ಅಂಡ್ ಇ ಎಂಬ ಕಂಪನಿಯದು. ಹಳೆಯ ಮನೆಗಳಲ್ಲಿ 100 ಆಂಪಿನ ಪ್ಯಾನೆಲ್ ಇದ್ದು 200ಕ್ಕೆ ಏರಿಸಬೇಕಾಗಿ ಬಂದರೆ ಸಿಟಿಯ ಎಲೆಕ್ಟ್ರಿಕಲ್ ಪರ್ಮಿಟ್ ಚಿಕ್ಕ ಮೊತ್ತ, ಕಂಪನಿಯ ಕಡೆಯ ಕೆಲಸ ಮತ್ತು ಕಾಯುವ ಕಾಲ ದೊಡ್ಡದು. ಪರ್ಮಿಟ್ ಅರ್ಜಿಗೆ ಮೊದಲೇ ಕಂಪನಿಗೆ ಅರ್ಜಿ ಹಾಕಿ.

ಗ್ಯಾರೇಜನ್ನೇ ಎಡಿಯು ಮಾಡಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. 20ಕ್ಕೆ 20ರ ಎರಡು ಕಾರಿನ ಗ್ಯಾರೇಜು 400 ಚದರ ಅಡಿ. ಇಂಪ್ಯಾಕ್ಟ್ ಫೀ ಇಲ್ಲ, ಶಾಲಾ ಶುಲ್ಕ ಇಲ್ಲ. ಇರುವ ಕಟ್ಟಡದೊಳಗಿನ ಪರಿವರ್ತನೆಯಾದ್ದರಿಂದ ಹೊಸ ಕನೆಕ್ಷನ್ ಬೇಕು ಎಂದಾಗಲಿ, ಅದರ ಶುಲ್ಕ ಕಟ್ಟಿ ಎಂದಾಗಲಿ ಕೇಳುವಂತಿಲ್ಲ. ಹೋದ ಪಾರ್ಕಿಂಗಿಗೆ ಬದಲಿ ಜಾಗ ಕೊಡಬೇಕಾಗಿಯೂ ಇಲ್ಲ. ಸೌರ ಫಲಕದ ಕಡ್ಡಾಯವೂ ಹೊಸದಾಗಿ ಕಟ್ಟುವ ಬಿಡಿ ಎಡಿಯುಗೆ ಮಾತ್ರ. ಅಲ್ಲಿ ಕೂಡ ಸಾಮಾನ್ಯವಾಗಿ ಮನೆ ಪರ್ಮಿಟ್ಟಿನೊಳಗೆ ಸೌರ ಪರ್ಮಿಟ್ ಸೇರಿರುವುದಿಲ್ಲ, ಅದು ಪ್ರತ್ಯೇಕ. 15 ಕಿಲೋವ್ಯಾಟ್‌ವರೆಗಿನ ಮನೆ ಮೇಲಿನ ಸೌರ ಪರ್ಮಿಟ್‌ಗೆ ರಾಜ್ಯ ಇಟ್ಟಿರುವ ಮಿತಿ 450 ಡಾಲರ್. ಕೆಲವೊಮ್ಮೆ ಮುಖ್ಯ ಮನೆಯ ಮಾಡಿನ ಮೇಲೆಯೇ ಫಲಕ ಕೂರಿಸಿ ಎಡಿಯು ಮಾಡನ್ನು ಖಾಲಿ ಬಿಡುವುದು ಅಗ್ಗ.

ಬೆಂಕಿ ಆರಿಸಲು ಚಾವಣಿಯಿಂದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ವಿಷಯಕ್ಕೆ ಮನೆ ಕಟ್ಟಿದ ವರ್ಷ ನೋಡಿ. ಮುಖ್ಯ ಮನೆಗೆ ಬೇಡವಾದರೆ ಎಡಿಯುಗೂ ಕೇಳುವಂತಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2011ರ ಜನವರಿಯಿಂದ ಹೊಸ ಮನೆಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ. ಅಂಥ ಹೊಸ ಬಡಾವಣೆಯ ಮನೆಯವರಿಗೆ ಎಡಿಯುಗೂ ಅದು ಬರುತ್ತದೆ. ಸ್ಪ್ರಿಂಕ್ಲರ್ ಬಂದರೆ ನೀರಿನ ಹರಿವು ಸಾಲದೆ ಮೀಟರನ್ನು ಮುಕ್ಕಾಲು ಇಂಚಿನಿಂದ ಒಂದಿಂಚಿಗೆ ಏರಿಸಿ ಎನ್ನಬಹುದು. ಮೀಟರ್ ಏರಿದರೆ ಅದರ ಬೆನ್ನಿಗೇ ಕೆಪ್ಯಾಸಿಟಿ ಚಾರ್ಜ್. ಪೈಪು ರಸ್ತೆಯವರೆಗೆ ಹೋಗುವುದರಿಂದ ಫುಟ್‌ಪಾತ್ ಒಡೆಯಲು ಎನ್‌ಕ್ರೋಚ್‌ಮೆಂಟ್ ಪರ್ಮಿಟ್. ಒಂದು ಎಳೆ ಎಳೆದರೆ ಮೂರು ಬಿಲ್ ಬರುವುದು ಇಲ್ಲೇ. ಒಳಚರಂಡಿಯ ಹಳೆಯ ಜೇಡಿಮಣ್ಣಿನ ಪೈಪು ಇರುವ ಮನೆಯವರು ಮೊದಲೇ ಕ್ಯಾಮೆರಾ ಬಿಟ್ಟು ನೋಡಿಸಿ. ಬೇರು ನುಗ್ಗಿದ್ದರೆ ಅದನ್ನು ಬದಲಿಸುವ ಖರ್ಚು ಈ ಯೋಜನೆಯ ತಲೆಗೇ ಬರುತ್ತದೆ.

ಪೂರ್ವಾನುಮೋದಿತ ನಕ್ಷೆಗಳ, ಅಂದರೆ ಸಿಟಿ ಮೊದಲೇ ಒಪ್ಪಿಟ್ಟ ನಕ್ಷೆಗಳ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 2025ರ ಜನವರಿ 1ರೊಳಗೆ ಪ್ರತಿ ಸಿಟಿಯೂ ಇಂಥ ಯೋಜನೆ ಇಟ್ಟುಕೊಳ್ಳಬೇಕೆಂದು ಎಬಿ 1332 ಎಂಬ ರಾಜ್ಯ ಕಾಯ್ದೆ ಹೇಳಿತು. ಅಂಥ ನಕ್ಷೆಯಾದರೆ 60 ದಿನದ ಬದಲು 30 ದಿನದಲ್ಲಿ ತೀರ್ಮಾನ. ಒಳ್ಳೆಯದೇ. ಆದರೆ ಶುಲ್ಕದಲ್ಲಿ ಉಳಿತಾಯವಾಗುವುದು ಪ್ಲಾನ್ ಚೆಕ್ಕಿನ ಒಂದಂಶ ಮಾತ್ರ. ಶಾಲೆ, ನೀರು, ಒಳಚರಂಡಿ ಯಾವುದೂ ಇದರಿಂದ ಇಳಿಯುವುದಿಲ್ಲ, ನಿಮ್ಮ ಜಾಗದ ಸೈಟ್ ಪ್ಲಾನ್ ಮತ್ತು ಪಾಯದ ಪರಿಶೀಲನೆ ಇದ್ದೇ ಇರುತ್ತದೆ.

ಹಿತ್ತಿಲಲ್ಲಿ ಪರ್ಮಿಟ್ ಇಲ್ಲದ ಘಟಕ ಇರುವ ಮನೆ ಕೊಂಡವರು ಹೆದರಿ ಸುಮ್ಮನಿರಬೇಡಿ. 2020ರ ಜನವರಿ 1ಕ್ಕೆ ಮೊದಲು ಕಟ್ಟಿದ್ದಾದರೆ ಅದನ್ನು ಸಕ್ರಮ ಮಾಡಿಕೊಳ್ಳಲು ಎಬಿ 2533 ದಾರಿ ಮಾಡಿಕೊಟ್ಟಿದೆ. ಇಂಪ್ಯಾಕ್ಟ್ ಫೀ ಇಲ್ಲ, ಸುರಕ್ಷತೆಗೆ ಹೊಸ ಸಂಪರ್ಕ ಬೇಕೇಬೇಕು ಎನ್ನುವ ಸಂದರ್ಭ ಬಿಟ್ಟರೆ ಕನೆಕ್ಷನ್ ಫೀಯೂ ಇಲ್ಲ.

ಹಾಗಾದರೆ ಅಂದಾಜು ಪಡೆಯುವುದು ಹೇಗೆ? ಅಳತೆ ಹಾಕಿದ ಒಂದು ಕೈನಕ್ಷೆ ಸಾಕು. ಅದರ ಜೊತೆ ಸಿಟಿಯ ಪರ್ಮಿಟ್ ಕೇಂದ್ರಕ್ಕೆ ಈಮೇಲ್ ಬರೆಯಿರಿ. ನಿವೇಶನದ ಪಾರ್ಸೆಲ್ ಸಂಖ್ಯೆ, ದಾಖಲೆಯಲ್ಲಿರುವ ಮುಖ್ಯ ಮನೆಯ ಅಳತೆ, ಎಡಿಯುವಿನ ಒಳ ಮತ್ತು ಹೊರ ಅಳತೆ, ಹೊಸದೋ ಪರಿವರ್ತನೆಯೋ, ಬಚ್ಚಲು ಮತ್ತು ನಲ್ಲಿಗಳ ಸಂಖ್ಯೆ, ಈಗಿನ ನೀರಿನ ಮೀಟರಿನ ಗಾತ್ರ, ಪ್ಯಾನೆಲ್ ಎಷ್ಟು ಆಂಪ್, ಮುಖ್ಯ ಮನೆಯಲ್ಲಿ ಸ್ಪ್ರಿಂಕ್ಲರ್ ಇದೆಯೇ ಎಂಬಷ್ಟು ಇರಲಿ. ಪ್ರತಿ ಶುಲ್ಕವನ್ನೂ ಬೇರೆ ಬೇರೆ ಸಾಲಿನಲ್ಲಿ, ಅದನ್ನು ಯಾವಾಗ ಕಟ್ಟಬೇಕು ಎಂಬುದರ ಸಮೇತ ಕೇಳಿ. ಇದೇ ಈಮೇಲನ್ನು ಶಾಲಾ ಜಿಲ್ಲೆಗೆ, ನೀರಿನವರಿಗೆ, ಒಳಚರಂಡಿಯವರಿಗೆ ಕಳಿಸಿ. ಸಿಟಿಗಳು ತಮ್ಮ ಶುಲ್ಕಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕೆಂದು 2019ರ ಎಬಿ 1483 ಹೇಳುತ್ತದೆ, ಬಂದ ಉತ್ತರವನ್ನು ಆ ಪಟ್ಟಿಯ ಜೊತೆ ಹೋಲಿಸಿ. ಬಹಳಷ್ಟು ಸಿಟಿಗಳಲ್ಲಿ ಪಟ್ಟಿ ಜುಲೈ 1ಕ್ಕೆ ಬದಲಾಗುತ್ತದೆ. ಮೇ ತಿಂಗಳ ಅಂದಾಜು ಆಗಸ್ಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ಲಾನ್ ಚೆಕ್ಕಿನ ಎರಡು ಸುತ್ತಿನ ನಂತರ ಗಂಟೆ ಲೆಕ್ಕದಲ್ಲಿ ಹಣ ಹಿಡಿಯುವ ಕಡೆಗಳಿವೆ, ಅದನ್ನೂ ಕೇಳಿಕೊಳ್ಳಿ. ತಿದ್ದುಪಡಿಗೆ ಉತ್ತರ ಕೊಡದೆ ತಿಂಗಳುಗಟ್ಟಲೆ ಬಿಟ್ಟರೆ ಅರ್ಜಿ ಸತ್ತು, ಹೊಸ ಶುಲ್ಕ, ಹೊಸ ಕೋಡಿನೊಂದಿಗೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಶುಲ್ಕಪಟ್ಟಿಯ ಪರಿಷ್ಕರಣೆಗೆ ಮೊದಲು ಸಿಟಿ ಕೌನ್ಸಿಲ್ ಸಾರ್ವಜನಿಕ ವಿಚಾರಣೆ ಇಡುತ್ತದೆ. ಅಲ್ಲಿಗೆ ಹೋಗಿ ಎರಡು ಮಾತು ಕೇಳಿ. ಎಡಿಯುಗೆ ನಾಲ್ಕೂ ಕಡೆಯ ಶುಲ್ಕ ಸೇರಿದ ಒಂದು ಪುಟದ ಲಿಖಿತ ಅಂದಾಜನ್ನು ಅರ್ಜಿಗೆ ಮೊದಲೇ ಕೊಡಿ ಎನ್ನುವುದು ಒಂದು. ಚಿಕ್ಕ ಮುಖ್ಯ ಮನೆಯವರ ಮೇಲೆ ಬೀಳುವ ಅನುಪಾತಕ್ಕೆ ಒಂದು ಮಿತಿ ಹಾಕಿ ಎನ್ನುವುದು ಇನ್ನೊಂದು. ಎರಡನ್ನೂ ಮಾಡಲು ಸಿಟಿಗೆ ಅಧಿಕಾರವಿದೆ.

ಇಂಪ್ಯಾಕ್ಟ್ ಫೀ ತಪ್ಪಾಗಿ ಹಾಕಿದ್ದಾರೆ ಅನ್ನಿಸಿದರೆ ಪರ್ಮಿಟ್ ನಿಲ್ಲಿಸಿಕೊಂಡು ಜಗಳಕ್ಕೆ ಕೂರಬೇಕಾಗಿಲ್ಲ. ಪ್ರತಿಭಟನೆ ದಾಖಲಿಸಿ ಹಣ ಕಟ್ಟಿ, ಕೆಲಸ ಶುರು ಮಾಡಿ. ಶುಲ್ಕ ವಿಧಿಸಿದ 90 ದಿನಗಳೊಳಗೆ ಆ ಪ್ರತಿಭಟನೆ ಲಿಖಿತವಾಗಿ, ಯಾವ ಅಳತೆ ತಪ್ಪು ಎಂಬ ವಿವರದೊಂದಿಗೆ ಸಿಟಿಗೆ ತಲುಪಿರಬೇಕು. ಅದಕ್ಕಾಗಿ ರಸೀದಿಗಳನ್ನು, ಅಂದಾಜಿನ ಈಮೇಲ್‌ಗಳನ್ನು, ಸ್ಟ್ಯಾಂಪ್ ಬಿದ್ದ ನಕ್ಷೆಯ ಮೊದಲ ಹಾಳೆಯನ್ನು ಒಂದೇ ಫೈಲಿನಲ್ಲಿ ಇಡಿ.

ಇಂತಿ,
ಬೇ ಏರಿಯಾದಲ್ಲಿ ಹಿತ್ತಿಲ ಮನೆಗಳ ನಕ್ಷೆ ಮತ್ತು ಪರ್ಮಿಟ್ ಕೆಲಸದಲ್ಲಿರುವ ಕೆಲವು ಕನ್ನಡಿಗರು